ಎರಡು ಬಾಯಿ ಒಪ್ಪಿದ ಸುದ್ದಿ

ಟೈಲರನ ಅಂಗಡಿ ಸುಟ್ಟುಹೋದ ಸುದ್ದಿಯನ್ನು ರೇಡಿಯೋದಲ್ಲಿ ಓದಿದವಳು ಟೈಲರನ ಮಗಳೇ. ಓದುವಾಗ ಅದು ಸುಳ್ಳೆಂದು ಅವಳಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಮ್ಮನ ಪಕ್ಕ ಕೂತಿದ್ದಾಗ ಅಕ್ಕನ ಫೋನ್ ಬಂದಿತ್ತು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಿವೃತ್ತ ನರ್ಸು, ಶಾಂತಿ ಸಮಿತಿಯ ಅಧ್ಯಕ್ಷೆ. ಆ ಸಮಿತಿಯೇ ಊರಿನ ಪುಟ್ಟ ರೇಡಿಯೋ ಕೇಂದ್ರವನ್ನು ನಡೆಸುತ್ತಿತ್ತು, ಅಲ್ಲಿ ದಿನವೂ ಸುದ್ದಿ ಓದುವವಳು ಇವಳು. ಅರ್ಧ ಊರಿಗೆ ಇಂಜೆಕ್ಷನ್ ಚುಚ್ಚಿದ್ದರಿಂದ ಇಡೀ ಊರಿಗೆ ಅವರು ಅಕ್ಕ.

“ನಿಮ್ಮಪ್ಪ ಹೋಗೇಬಿಟ್ರು ಅಂತ ಕೆಳಪೇಟೇಲಿ ಆಗ್ಲೇ ಗುಲ್ಲೆದ್ದಿದೆ ಕಣೆ. ಬೇರೆಯವರು ಓದಿದ್ರೆ ಯಾರೂ ನಂಬಲ್ಲ. ನಿನ್ನ ದನಿ ಕೇಳಿದ್ರೆ ಸುಮ್ಮನಾಗ್ತಾರೆ. ಒಂದು ಗಳಿಗೆ ಬಂದು ಓದಿ ಹೋಗು.”

“ಹೋಗು, ಹೋಗು. ಗಂಡ ಬೆಂದ್ರೂ ಪರವಾಗಿಲ್ಲ, ಊರು ಬೇಯಬಾರದು,” ಎಂದಳು ಅಮ್ಮ. ಅಮ್ಮನ ಮಾತು ಯಾವಾಗಲೂ ಹಾಗೆಯೇ. ಅದರಲ್ಲಿ ಬೈಗುಳ ಎಷ್ಟು, ಅಪ್ಪಣೆ ಎಷ್ಟು ಎಂದು ಬಿಡಿಸುವುದು ಕಷ್ಟ.

ರೇಡಿಯೋ ಇದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಸದ್ದು ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಸುತ್ತಲೂ ಹಳೆಯ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಸುದ್ದಿಯ ಹೊತ್ತಿಗೆ ಮೇಲೆ ಫ್ಯಾನ್ ಆರಿಸಬೇಕು, ಕೆಳಗೆ ಗಿರಣಿಯವನು ಬೆಲ್ಟ್ ನಿಲ್ಲಿಸಬೇಕು. ನಿಲ್ಲಿಸಿದ ಮೇಲೂ ಹಿಟ್ಟು ಗಾಳಿಯಲ್ಲಿ ತೇಲಿಕೊಂಡೇ ಇರುತ್ತಿತ್ತು. ಮೈಕಿನ ಸ್ಪಂಜನ್ನು ದಿನವೂ ಕೊಡವಬೇಕಿತ್ತು. ಅವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ ಹಾಳೆ ಸಿದ್ಧವಾಗಿತ್ತು. ಕೆಂಪು ದೀಪ ಹತ್ತಿತು. ಓದಿದಳು.

“ಕಾಲುವೆ ಸೇತುವೆಯ ಬಳಿಯ ಹೊಲಿಗೆ ಅಂಗಡಿಗೆ ಇಂದು ಮುಂಜಾನೆ ಬೆಂಕಿ ಬಿದ್ದಿದೆ. ಇಸ್ತ್ರಿಪೆಟ್ಟಿಗೆಯನ್ನು ಆರಿಸದೆ ಬಿಟ್ಟದ್ದೇ ಕಾರಣವೆಂದು ತಿಳಿದುಬಂದಿದೆ. ಅಂಗಡಿಯೊಳಗಿದ್ದ ಟೈಲರ್ ಅವರ ಕೈಗಳಿಗೆ ಸುಟ್ಟ ಗಾಯಗಳಾಗಿದ್ದು ಪ್ರಾಣಾಪಾಯವಿಲ್ಲ. ಮೇಲ್ಪೇಟೆಯ ಒಬ್ಬರು, ಕೆಳಪೇಟೆಯ ಒಬ್ಬರು ಕಣ್ಣಾರೆ ನೋಡಿ ಒಪ್ಪಿದ ಸುದ್ದಿ ಇದು.”

ಇಸ್ತ್ರಿಪೆಟ್ಟಿಗೆ ಎಂಬಲ್ಲಿ ದನಿ ಸ್ವಲ್ಪ ಎಡವಿತು. ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಈ ಮುದುಕನಿಗೆ ಎಷ್ಟು ಸಲ ಹೇಳಿದ್ದೆ, ಎಂದುಕೊಂಡಳು.

ಕೊನೆಯ ಆ ವಾಕ್ಯವೇ ರೇಡಿಯೋದ ಬಂಡವಾಳ. ಕೆಲವು ವರ್ಷಗಳ ಹಿಂದೆ, ಕಾಲುವೆಯ ಈಚೆಗಿನ ಕೆಳಪೇಟೆಯ ನೀರಿನ ಟ್ಯಾಂಕಿಗೆ ಆಚೆಗಿನ ಮೇಲ್ಪೇಟೆಯವರು ವಿಷ ಹಾಕಿದ್ದಾರೆ ಎಂದು ಯಾರೋ ಹೇಳಿದರು. ಟ್ಯಾಂಕಿನಲ್ಲಿ ಇದ್ದದ್ದು ಪಾಚಿ. ಅದು ತಿಳಿಯುವಷ್ಟರಲ್ಲಿ ಎರಡೂ ಕಡೆ ಹೆಣ ಬಿದ್ದಿದ್ದವು. ಆಮೇಲೆ ಹುಟ್ಟಿದ್ದು ಸಮಿತಿ, ಅದರ ಹಿಂದೆಯೇ ರೇಡಿಯೋ, ರೇಡಿಯೋದ ಜೊತೆಗೆ ಒಂದು ನಿಯಮ. ಗಲಾಟೆಯ ವಾಸನೆ ಇರುವ ಯಾವ ಸುದ್ದಿಯನ್ನೂ ಒಬ್ಬರ ಮಾತಿನ ಮೇಲೆ ಹೇಳುವ ಹಾಗಿಲ್ಲ. ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು ಜೊತೆಯಾಗಿ ಹೋಗಿ ನೋಡಬೇಕು. ಇಬ್ಬರಲ್ಲಿ ಒಬ್ಬರು ಒಪ್ಪದ ಮಾತನ್ನು ಹೊಡೆದುಹಾಕಬೇಕು. ಉಳಿದದ್ದು ಸುದ್ದಿ. ಸುದ್ದಿಗೆ ಸಿಕ್ಕವರ ಸಂಬಂಧಿಕರು ನೋಡಲು ಹೋಗುವಂತಿಲ್ಲ.

‘ಒಂದು ಬಾಯಿ ಗಾಳಿಮಾತು, ಎರಡು ಬಾಯಿ ಸುದ್ದಿ’ ಎಂದು ದಿನಕ್ಕೆ ಹಲವು ಸಲ ಅವಳ ದನಿಯಲ್ಲಿ ರೇಡಿಯೋದಲ್ಲಿ ಹೇಳಿಸಿದರು, ಗೋಡೆಗಳ ಮೇಲೆ ಬರೆಸಿದರು. ಊರಿಗೆ ಅದು ಬಾಯಿಪಾಠವಾಗಿಹೋಯಿತು. ಸಾರಿಗೆ ಉಪ್ಪು ಜಾಸ್ತಿ ಎಂದ ಗಂಡನಿಗೆ ಹೆಂಡತಿ “ಎರಡನೇ ಬಾಯಿ ಯಾರದ್ದು?” ಎಂದು ಕೇಳುವಷ್ಟು. ನಗುವ ಹಾಗಿದ್ದರೂ ಅದು ಕೆಲಸ ಮಾಡಿತ್ತು. ಟ್ಯಾಂಕಿನ ಗಲಾಟೆಯ ನಂತರ ಕಾಲುವೆಯ ಎರಡೂ ಕಡೆ ಹೊಡೆದಾಟದಲ್ಲಿ ಒಬ್ಬನೂ ಸತ್ತಿರಲಿಲ್ಲ.

ಅಪ್ಪನಿಗೆ ಮಂಪರು ಇಳಿದದ್ದು ಮರುದಿನ ಬೆಳಿಗ್ಗೆ. ಪಕ್ಕದ ಮಂಚದ ರೋಗಿ ಅದಕ್ಕೇ ಕಾಯುತ್ತಿದ್ದವನಂತೆ ಎದ್ದು ಕೂತ.

“ಯಜಮಾನ್ರೇ, ಇಸ್ತ್ರಿ ಆರಿಸೋದು ಮರೆತುಬಿಟ್ರಂತಲ್ಲ? ವಯಸ್ಸಾಯ್ತು ಬಿಡಿ.”

“ಯಾರು ಹೇಳಿದ್ದು?”

“ರೇಡಿಯೋ.”

ಅಪ್ಪ ಮಗಳ ಕಡೆ ನೋಡಿದ. “ಇಸ್ತ್ರಿ ಮುಟ್ಟೇ ಇರ್ಲಿಲ್ಲ ನಾನು. ಕೂತು ಗುಂಡಿ ಹೊಲೀತಿದ್ದೆ. ಬಾಗಿಲ ಕೆಳಗಿಂದ ಸೀಮೆಎಣ್ಣೆ ಹರಿದು ಬಂತು. ಎದ್ದು ದಬ್ಬಿದ್ರೆ ಬಾಗಿಲು ಅಲ್ಲಾಡ್ಲಿಲ್ಲ. ಹೊರಗಡೆಯಿಂದ ಸರಪಳಿ. ಅದರ ಸದ್ದು ಕೇಳಿಸ್ತು ನನಗೆ. ಹಿಂದಿನ ಕಿಟಕಿ ಸರಳು ಕಿತ್ತು ಆಚೆ ಬಿದ್ದೆ. ಸರಳು ಕಾದಿತ್ತು.” ಆಮೇಲೆ ಕೇಳಿದ, “ರೇಡಿಯೋದಲ್ಲಿ ಯಾರು ಓದಿದ್ದು?”

“ನಾನೇ ಅಪ್ಪ.”

ಅಪ್ಪ ಗೋಡೆಯ ಕಡೆ ತಿರುಗಲು ನೋಡಿದ. ಎರಡೂ ಕೈಗಳಿಗೆ ಬ್ಯಾಂಡೇಜು ಸುತ್ತಿ ಮೇಲಕ್ಕೆ ಕಟ್ಟಿದ್ದರಿಂದ ಆಗಲಿಲ್ಲ. ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡ.

ಅಮ್ಮ ತಟ್ಟೆ ತೊಳೆಯಲು ಎದ್ದಳು. “ಚೆನ್ನಾಗಿ ಓದಿದ್ಲು. ಇಲ್ಲಿ ನರ್ಸುಗಳೆಲ್ಲ ಹೊಗಳಿದ್ರು.”

ಅಪ್ಪನ ಅಂಗಡಿಯ ಒಂದು ಕಡೆ ಛತ್ರಿ ರಿಪೇರಿಯವನು, ಇನ್ನೊಂದು ಕಡೆ ಚಪ್ಪಲಿ ಅಂಗಡಿ. ಎರಡಕ್ಕೂ ಬೆಂಕಿ ತಗುಲಿತ್ತು. ಒಬ್ಬ ಮೇಲ್ಪೇಟೆಯವನು, ಒಬ್ಬ ಕೆಳಪೇಟೆಯವನು. ಒಮ್ಮೆಯೂ ಒಂದಾಗದಿದ್ದ ಅವರಿಬ್ಬರು ಈಗ ಒಂದಾಗಿ ವರ್ತಕರ ಸಂಘಕ್ಕೆ ದೂರು ಕೊಟ್ಟರು: ನಿರ್ಲಕ್ಷ್ಯದ ಮನುಷ್ಯನಿಗೆ ಆ ಸಾಲಿನಲ್ಲಿ ಮತ್ತೆ ಜಾಗ ಕೊಡಬಾರದು. ಪೊಲೀಸರು ಆಸ್ಪತ್ರೆಗೆ ಬಂದು ಹೇಳಿಕೆ ಬರೆದುಕೊಳ್ಳುವ ಮೊದಲೇ ಕಾರಣದ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಎಂದು ತುಂಬಿಕೊಂಡಿದ್ದರು. ಸರಪಳಿಯ ಮಾತು ಎತ್ತಿದ್ದಕ್ಕೆ ಒಬ್ಬ ಪೇದೆ, “ನಿಮ್ಮ ಮಗಳೇ ಓದಿದ್ದಲ್ವಾ?” ಎಂದ.

ಅಪ್ಪ ಅವಳ ಹತ್ತಿರ ಕೇಳಿದ್ದು ಒಂದೇ. “ನನಗೆ ಯಾರನ್ನೂ ಹಿಡಿಸೋದು ಬೇಡ. ಸರಪಳಿ ಇತ್ತು ಅನ್ನೋದು ಒಂದು ಮಾತು ಬರಲಿ. ನನ್ನ ಅಂಗಡಿಗೆ ನಾನೇ ಬೆಂಕಿ ಇಟ್ಟೋನು ಅನ್ನಿಸ್ಕೊಂಡು ಸಾಯಲಾರೆ.”

ಸಮಿತಿಯ ಪರವಾಗಿ ಸುಟ್ಟ ಅಂಗಡಿಯನ್ನು ಹೋಗಿ ನೋಡಿದವರು ಮೀಟರ್ ಮತ್ತು ಮೇಷ್ಟ್ರು. ಮೇಷ್ಟ್ರು ಕೆಳಪೇಟೆಯ ನಿವೃತ್ತ ಶಾಲಾಮಾಸ್ತರು. ಅವಳಿಗೂ ಅಕ್ಷರ ಕಲಿಸಿದವರು. ಮೀಟರ್ ಮೇಲ್ಪೇಟೆಯವನು, ವಿದ್ಯುತ್ ಇಲಾಖೆಯಲ್ಲಿ ಮನೆಮನೆಯ ಮೀಟರ್ ಓದುವ ಕೆಲಸ, ಅದರಿಂದಲೇ ಆ ಅಡ್ಡಹೆಸರು. ಅವಳು ಅವನನ್ನು ಹಿಡಿದದ್ದು ಒಂದು ಓಣಿಯಲ್ಲಿ. ಬೆರಳುದ್ದದ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮೆಟ್ಟಿಲ ಕೆಳಗಿನ ಮೀಟರಿಗೆ ಕತ್ತು ಚಾಚಿದ್ದ.

“ಸರಪಳಿ ನೋಡಿದ್ರಾ, ಮಾವ?”

ಅವನು ಟಾರ್ಚ್ ತೆಗೆದ. ಅವನು ಸುಳ್ಳು ಹೇಳುವವನಲ್ಲ. ಅದಕ್ಕೇ ಅವನನ್ನು ಸಮಿತಿಗೆ ಸೇರಿಸಿಕೊಂಡದ್ದು.

“ನೋಡಿದ್ವಿ.”

“ಇಬ್ರೂ?”

“ಇಬ್ರೂ. ಹೊಸ ಸರಪಳಿ, ಬೀಗ ಹಾಗೇ ಇತ್ತು. ಮೇಷ್ಟ್ರು ಕರವಸ್ತ್ರ ಸುತ್ಕೊಂಡು ಮುಟ್ಟಿ ನೋಡಿದ್ರು. ಇನ್ನೂ ಬಿಸಿ ಇತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀನೇ ಯೋಚನೆ ಮಾಡಮ್ಮ. ವೋಟು ಹತ್ರ ಬಂದಿದೆ. ಒಳಗೆ ಮನುಷ್ಯನ್ನ ಇಟ್ಟು ಹೊರಗೆ ಸರಪಳಿ ಹಾಕಿದ್ರು ಅಂದ್ರೆ, ನಿಮ್ಮ ಕಡೆ ಹುಡುಗರು ಮಧ್ಯಾಹ್ನದೊಳಗೆ ಸೇತುವೆ ದಾಟಿರೋರು. ನಾನು ಬೇಡ ಅಂದೆ. ಮೇಷ್ಟ್ರೂ ಸರಿ ಅಂದ್ರು. ಹೊಡೆದುಹಾಕಿದ್ವಿ.”

“ಹೊಡೆದುಹಾಕಿ ಸುಮ್ಮನಿರಬೇಕಿತ್ತು. ಇಸ್ತ್ರಿಪೆಟ್ಟಿಗೆ ಎಲ್ಲಿಂದ ಬಂತು?”

ಮೀಟರ್ ಗೋಡೆಗೆ ಒರಗಿದ. “ಬರೀ ‘ಬೆಂಕಿ ಬಿತ್ತು’ ಅಂತ ಬಿಟ್ರೆ ಆ ಖಾಲಿ ಜಾಗಕ್ಕೆ ಜನ ಏನು ಬೇಕಾದ್ರೂ ತುಂಬ್ತಾರೆ ಅಂದ್ರು ಅಕ್ಕ. ಅದೂ ನಿಜಾನೇ. ಮೊದಲು ಶಾರ್ಟ್ ಸರ್ಕ್ಯೂಟ್ ಅಂತ ಬರೆದ್ರು. ನಾನು ಒಪ್ಪಲಿಲ್ಲ. ಆ ಕಂಬದಿಂದ ಲೈನ್ ಕೊಟ್ಟಿದ್ದು ನಮ್ಮ ಸೆಕ್ಷನ್ನು. ಮಾರನೇ ದಿನ ನನಗೇ ನೋಟೀಸು ಬರೋದು. ಆಮೇಲೆ ಮೇಷ್ಟ್ರು ಇಸ್ತ್ರಿಪೆಟ್ಟಿಗೆ ಅಂದ್ರು. ಅದಕ್ಕೆ ಯಾರ ತಕರಾರೂ ಬರ್ಲಿಲ್ಲ.”

“ನಮ್ಮಪ್ಪನ್ನ ಕೇಳಿದ್ರಾ?”

“ಅವರು ಮಂಪರಲ್ಲಿದ್ರಲ್ಲಮ್ಮ.”

ಅವನು ವ್ಯಂಗ್ಯ ಮಾಡುತ್ತಿರಲಿಲ್ಲ. ತಕರಾರು ಮಾಡಬಲ್ಲ ಒಬ್ಬನೇ ಮನುಷ್ಯನಿಗೆ ಪ್ರಜ್ಞೆ ಇರಲಿಲ್ಲ, ಅಷ್ಟೆ.

ಅಕ್ಕನಿಗೆ ನಾಚಿಕೆಯಾಗಿತ್ತು. ಅವಳ ಕೈ ಹಿಡಿದುಕೊಂಡು, “ತಪ್ಪಾಯ್ತು ಕಣೆ, ಅನ್ಯಾಯ ಆಯ್ತು. ಆದ್ರೆ ಈಗ ತಿದ್ದಿದ್ರೆ ಮೊದಲು ಹೇಳಿದ್ದು ಸುಳ್ಳು ಅಂತಾಗುತ್ತೆ. ಆಮೇಲೆ ನಾವು ‘ಟ್ಯಾಂಕಲ್ಲಿ ವಿಷ ಇಲ್ಲ’ ಅಂದ್ರೂ ಜನ ನಂಬಲ್ಲ. ಮತದಾನ ಒಂದು ಮುಗೀಲಿ,” ಎಂದರು. ಅವಳು ಒಪ್ಪಿದಳು. ಒಪ್ಪದಿರುವುದಕ್ಕೆ ಕಾರಣ ಹುಡುಕಿದಳು. ಸಿಕ್ಕ ಕಾರಣಗಳೆಲ್ಲ ಅವಳ ಅಪ್ಪನವೇ ಆಗಿದ್ದವು, ಊರಿನದು ಒಂದೂ ಇರಲಿಲ್ಲ.

ಮತದಾನ ಶಾಂತವಾಗಿ ನಡೆಯಿತು. ಸೇತುವೆ ಬಳಿಯ ಮತಗಟ್ಟೆಯಲ್ಲಿ ಕೆಳಪೇಟೆಯ ಅಭ್ಯರ್ಥಿಯ ಏಜೆಂಟಾಗಿ, ವೋಟಿಗೆ ಬಂದವರ ಮುಖ ಗುರುತಿಸಲು ಕೂರಬೇಕಿದ್ದವನು ಅಪ್ಪ. ಅವನ ಬದಲು ಕೂರಲು ಇನ್ನೊಬ್ಬ ಸಿಗಲಿಲ್ಲ. ಆ ಕುರ್ಚಿಯ ಮೇಲೆ ಯಾರೋ ತಮ್ಮ ಊಟದ ಡಬ್ಬಿ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆಳಪೇಟೆಯ ಕೆಲವು ಹೆಂಗಸರು, ನಮ್ಮ ವೋಟನ್ನು ಆಗಲೇ ಯಾರೋ ಹಾಕಿಬಿಟ್ಟಿದ್ದಾರೆ ಎಂದು ತಿರುಗಿ ಬಂದರು. ಮೀಟರ್ ಮತ್ತು ಮೇಷ್ಟ್ರು ಹೋಗಿ ನೋಡಿದರು. ಒಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಸುದ್ದಿಯಾಗಲಿಲ್ಲ. ದೊಡ್ಡ ಊರಿನ ಪತ್ರಿಕೆಯಿಂದ ಬಂದಿದ್ದ ವರದಿಗಾರ್ತಿ ಹಾಸಿಗೆ ಹೊಡೆದ ಗೋಡೆಯ ಮುಂದೆ ಅಕ್ಕನನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದಳು. ಜನರೂ ಮಾಧ್ಯಮವೂ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಊರು ಮಾದರಿ ಎಂದು ಬರೆದಳು. ಬರೆದದ್ದರಲ್ಲಿ ಸುಳ್ಳು ಏನೂ ಇರಲಿಲ್ಲ.

ಆಮೇಲೆ ಟೈಲರನ ಮಗಳು ತಿದ್ದುಪಡಿ ಕೇಳಿದಳು. ಮತ ಎಣಿಕೆ ಮುಗೀಲಿ ಎಂದರು ಅಕ್ಕ. ಎಣಿಕೆ ಮುಗಿಯಿತು. ಮೇಷ್ಟ್ರು, “ಮೀಟರ್ ಹೇಳಿದ್ರೆ ನಾನೂ ಹೇಳ್ತೀನಿ,” ಎಂದರು. ಮೀಟರ್, “ಮೇಷ್ಟ್ರು ಮೊದಲು ಹೇಳ್ಲಿ, ಅವರು ಹಿರಿಯರು,” ಎಂದ. ಕೊನೆಗೆ ಇಬ್ಬರನ್ನೂ ಗಿರಣಿಯ ಪಕ್ಕದ ಚಹಾದಂಗಡಿಗೆ ಕರೆತಂದು ಒಂದೇ ಬೆಂಚಿನ ಮೇಲೆ ಕೂರಿಸಿದಳು.

“ಈಗ ಹೇಳಿ. ಸರಪಳಿ ಇತ್ತೋ ಇಲ್ವೋ?”

ಇಬ್ಬರೂ ಚಹಾದ ಕೆನೆ ನೋಡಿದರು.

“ಇತ್ತು,” ಎಂದರು ಮೇಷ್ಟ್ರು. “ಇತ್ತು ಅಂತಲೇ ಇಟ್ಕೋ. ಆದ್ರೆ ಬೆಂಕಿಗೆ ಮುಂಚೆ ಹಾಕಿದ್ದೋ, ಆಮೇಲೆ ಯಾರಾದ್ರೂ ಕಳ್ಳತನ ಆಗದಿರಲಿ ಅಂತ ಹಾಕಿದ್ದೋ?”

“ಉರೀತಿರೋ ಬಾಗಿಲಿಗೆ ಯಾರು ಮೇಷ್ಟ್ರೇ ಸರಪಳಿ ಹಾಕ್ತಾರೆ? ನೀವೇ ಮುಟ್ಟಿ ನೋಡಿದ್ರಂತಲ್ಲ?”

“ಮುಟ್ಟಿದೆ. ಬಿಸಿ ಇತ್ತಾ ಇಲ್ವಾ ಅಂತ ಈಗ ಪ್ರಮಾಣ ಮಾಡು ಅಂದ್ರೆ…” ಮೇಷ್ಟ್ರು ಮೀಟರ್ ಕಡೆ ನೋಡಿದರು.

“ನಾನಂತೂ ಮುಟ್ಟಿಲ್ಲ,” ಎಂದ ಮೀಟರ್.

ಸುಳ್ಳು ಹೇಳದ ಇಬ್ಬರು ಮನುಷ್ಯರು ತಾವು ಕಂಡದ್ದನ್ನು ಅವಳ ಎದುರೇ ಸ್ವಲ್ಪ ಸ್ವಲ್ಪವಾಗಿ ಕಾಣದವರಾಗುತ್ತಿದ್ದರು. ಮೇಷ್ಟ್ರು ಲೋಟ ಕೆಳಗಿಟ್ಟು ಕರವಸ್ತ್ರದಿಂದ ಕೈ ಒರೆಸಿಕೊಂಡರು. ಅವಳಿಗೆ ಕನಿಕರ ಬರಲಿಲ್ಲ. ಚಹಾ ಕುಡಿಯದೆ ಎದ್ದಳು.

ಮರುದಿನದ ಸುದ್ದಿಯಲ್ಲಿ ಹವಾಮಾನ ಓದಿದಳು, ನೀರು ಬಿಡುವ ಸಮಯ ಓದಿದಳು. ಆಮೇಲೆ ಹಾಳೆಯನ್ನು ಬೋರಲು ಹಾಕಿದಳು.

“ಹೊಲಿಗೆ ಅಂಗಡಿಯ ಬಗ್ಗೆ ನಾವು ಹೇಳಿದ ಸುದ್ದಿ ತಪ್ಪು. ಇಸ್ತ್ರಿಪೆಟ್ಟಿಗೆಯಿಂದ ಬೆಂಕಿ ಬಿದ್ದದ್ದಲ್ಲ. ಒಳಗೆ ಮನುಷ್ಯ ಇರುವಾಗ ಹೊರಗಿನಿಂದ ಬಾಗಿಲಿಗೆ ಸರಪಳಿ ಹಾಕಿ ಸೀಮೆಎಣ್ಣೆ ಸುರಿದಿದ್ದಾರೆ. ಯಾರೆಂದು ಗೊತ್ತಿಲ್ಲ. ಸರಪಳಿಯನ್ನು ಕಂಡವರಿದ್ದಾರೆ.”

ಗಾಜಿನ ಆಚೆ ಅಕ್ಕ ಎದ್ದು ನಿಂತಿದ್ದರು. ಮೈಕಿನ ಸಂಪರ್ಕ ಕಿತ್ತುಹಾಕಬಹುದಿತ್ತು, ಕಿತ್ತುಹಾಕಲಿಲ್ಲ. ಅವಳು ಪೂರ್ತಿ ಹೇಳಿ ಮುಗಿಸಿದಳು. ಹೊರಗೆ ಬಂದು ಸೇತುವೆಯ ಕಡೆ ನೋಡಿದಳು. ಈಗ ಕೂಗು ಏಳುತ್ತದೆ, ಅಂಗಡಿಗಳು ಬಾಗಿಲು ಹಾಕುತ್ತವೆ ಎಂದು ಕಾಯುತ್ತ ನಿಂತಳು.

ಏನೂ ಆಗಲಿಲ್ಲ. ಕೆಳಗೆ ಗಿರಣಿ ಮತ್ತೆ ಶುರುವಾಯಿತು. ಸೇತುವೆಯ ಮೇಲೆ ಜನ ತರಕಾರಿ ಚೀಲ ಹಿಡಿದು ಓಡಾಡುತ್ತಿದ್ದರು. ಗಿರಣಿಯವನು ಅವಳನ್ನು ನೋಡಿ, “ಪಾಪ, ಮಗಳಲ್ವಾ. ಇನ್ನೇನು ಹೇಳ್ತಾಳೆ,” ಎಂದು ಹಿಟ್ಟು ತೂಗಿಸಿಕೊಳ್ಳಲು ನಿಂತಿದ್ದ ಹೆಂಗಸಿಗೆ ಹೇಳಿದ. ಆ ಹೆಂಗಸು ಕೆಳಪೇಟೆಯವಳು, ಪರಿಚಯದವಳು. ಮೆಲ್ಲಗೆ ಕೇಳಿದಳು:

“ಎರಡನೇ ಬಾಯಿ ಯಾರದ್ದು ಅಂತ ಹೇಳಲೇ ಇಲ್ವಲ್ಲೇ ನೀನು?”

ತಾನೇ ಊರಿಗೆ ಕಲಿಸಿದ ಪಾಠ ಅದು. ದಿನಕ್ಕೆ ಹಲವು ಸಲ, ತನ್ನದೇ ದನಿಯಲ್ಲಿ. ಊರು ಚೆನ್ನಾಗಿ ಕಲಿತಿತ್ತು.

ಸಂಜೆಯ ಸುದ್ದಿಯಲ್ಲಿ ಇನ್ನೊಬ್ಬಳು ಓದಿದಳು: ಬೆಳಿಗ್ಗೆ ಪ್ರಸಾರವಾದ ಮಾತನ್ನು ಎರಡೂ ಕಡೆಯವರು ನೋಡಿ ಒಪ್ಪಿಲ್ಲ, ಕೇಳುಗರು ಅದನ್ನು ಗಾಳಿಮಾತೆಂದು ತಿಳಿಯಬೇಕು. ನಿಯಮದ ಪ್ರಕಾರ ಅದನ್ನು ಓದಲೇಬೇಕಿತ್ತು. ನಿಯಮ ಬರೆಯುವಾಗ ಟೈಲರನ ಮಗಳೂ ಆ ಕೋಣೆಯಲ್ಲಿದ್ದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಖಾತರಿಯಿಲ್ಲದ ಸುದ್ದಿ ಹರಡಿ ಶಾಂತಿ ಕದಡಲು ನೋಡಿದ್ದಕ್ಕೆ ಕೇಂದ್ರದ ಪರವಾನಗಿ ಯಾಕೆ ರದ್ದು ಮಾಡಬಾರದು ಎಂದು ಸರ್ಕಾರಿ ಕಚೇರಿ ಕೇಳಿತು. ಓದಿದವಳ ಮೇಲೆ ಕೇಸು ಹಾಕುವ ಮಾತೂ ಇತ್ತು. ಅಕ್ಕ ಕಚೇರಿಗೆ ಅಲೆದು ಬಂದರು. ಅವರ ಕಾಲುಗಳು ಊದಿಕೊಂಡಿದ್ದವು.

ಒಂದು ಮಧ್ಯಾಹ್ನ ಅವಳು ಮನೆಗೆ ಬಂದಾಗ ಹೊರಗೆ ಎರಡು ಜೊತೆ ಚಪ್ಪಲಿ ಇದ್ದವು. ಒಳಗೆ ಮೇಷ್ಟ್ರು ಕುರ್ಚಿಯಲ್ಲಿ, ಮೀಟರ್ ಸ್ಟೂಲಿನ ಮೇಲೆ. ನಡುವೆ ಟೀಪಾಯಿಯ ಮೇಲೆ ಕೇಂದ್ರದ ರೆಕಾರ್ಡರು. ಅಪ್ಪ ಮಂಚದ ಅಂಚಿನಲ್ಲಿ ಕೂತಿದ್ದ. ಬ್ಯಾಂಡೇಜು ಬಿಚ್ಚಿದ್ದರು. ಬೆರಳುಗಳು ಒಂದಕ್ಕೊಂದು ಅಂಟಿ ಮಡಚಿಕೊಂಡಿದ್ದವು, ಏನನ್ನೋ ಹಿಡಿದು ಬಿಡಲು ಮರೆತವನ ಹಾಗೆ.

“ಏನಿದು?” ಎಂದಳು.

“ಬಾ, ನಿನಗೇ ಕಾಯ್ತಿದ್ರು,” ಎಂದಳು ಅಮ್ಮ. “ಇಷ್ಟು ದೊಡ್ಡ ಮನುಷ್ಯರು ಬಂದಿದ್ದಾರೆ, ಒಬ್ಬರಿಗೂ ಆ ಡಬ್ಬಿ ಶುರು ಮಾಡೋಕೆ ಬರಲ್ಲ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನಿಮ್ಮಪ್ಪ ಒಂದು ಮಾತು ಹೇಳಿದ್ರೆ ಕೇಸು ಇರಲ್ಲ. ರೇಡಿಯೋ ಉಳಿಯುತ್ತೆ. ನೀನೂ…”

“ಅಪ್ಪ, ಬೇಡ.”

“ನೀನು ಸುಮ್ಮನಿರು,” ಎಂದ ಅಪ್ಪ. “ಮೊನ್ನೆ ನೀನು ಹೇಳಿದ್ದನ್ನ ಇಲ್ಲೇ ಕೂತು ಕೇಳಿದೆ. ನನಗೆ ಅಷ್ಟು ಸಾಕು. ಆಮೇಲೆ ಹೊರಗೆ ಹೋಗಿ ಕೂತೆ. ಮಾತಾಡಿಸೋಕೆ ಬಂದೋರೆಲ್ಲ, ಹುಡುಗಿಗೆ ತಲೆ ಕೆಟ್ಟಿದೆ, ಜೋಪಾನ ಅಂದ್ರು. ನಾನು ಮರೆಗುಳಿ ಅನ್ನಿಸ್ಕೊಂಡ್ರೆ ಏನು ಹೋಯ್ತು? ಈ ಕೈಯಲ್ಲಿ ಇನ್ನು ಅಂಗಡಿ ನಡೆಸೋದಿದೆಯಾ?”

“ಸುಳ್ಳು ಅಪ್ಪ ಅದು.”

“ಗೊತ್ತು. ಇವರಿಗೂ ಗೊತ್ತು.” ಅಪ್ಪ ಇಬ್ಬರ ಕಡೆಗೂ ಗದ್ದ ಎತ್ತಿ ತೋರಿಸಿದ. “ಗೊತ್ತಲ್ವಾ ಮೇಷ್ಟ್ರೇ?”

ಮೇಷ್ಟ್ರು ರೆಕಾರ್ಡರನ್ನು ಟೀಪಾಯಿಯ ಮೇಲೆ ಸ್ವಲ್ಪ ಮುಂದಕ್ಕೆ ತಳ್ಳಿದರು. ಮೀಟರ್ ಎದ್ದು ಬಾಗಿಲ ಹತ್ತಿರ ಹೋಗಿ, ಮತ್ತೆ ಬಂದು ಕೂತ. ಅಮ್ಮ ಒಲೆಯ ಮೇಲಿನ ಕುಕ್ಕರನ್ನು ಇಳಿಸಿಟ್ಟಳು. ಅದು ಸೀಟಿ ಹೊಡೆದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು.

“ಒತ್ತು,” ಎಂದ ಅಪ್ಪ.

ಅವಳು ಒತ್ತಲಿಲ್ಲ.

“ಒತ್ತಮ್ಮ. ನಿನ್ನನ್ನ ಸ್ಟೇಷನ್ನಿಗೆ ಕರ್ಕೊಂಡು ಹೋದ್ರೆ ನಿನ್ನಮ್ಮ ನನ್ನ ಬಾಯಿಗೆ ತುತ್ತು ಇಡಲ್ಲ. ನನ್ನ ಕೈ ನೋಡು, ನಾನೇ ತಿನ್ನೋ ಹಾಗಿಲ್ಲ.”

ಮೀಟರ್ ನಗಬೇಕೋ ಬೇಡವೋ ಎಂದು ತಿಳಿಯದೆ ನೆಲ ನೋಡಿದ. ಅವಳು ಒತ್ತಿದಳು. ಕೆಂಪು ಚುಕ್ಕಿ ಹತ್ತಿತು.

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. “ನಾನು ಸೇತುವೆ ಹತ್ರದ ಟೈಲರು. ಅವತ್ತು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಆರಿಸೋದು ಮರೆತೆ. ತಪ್ಪು ನನ್ನದೇ. ಬಾಗಿಲಿಗೆ ಯಾರೂ ಏನೂ ಮಾಡಿಲ್ಲ. ನನ್ನ ಮಗಳು ನನ್ನ ಸಂಕಟ ನೋಡಲಾರದೆ ಏನೋ ಅಂದಳು. ದಯವಿಟ್ಟು ಕ್ಷಮಿಸಬೇಕು.”

ನಿಲ್ಲಿಸಿದಳು. ಮೇಷ್ಟ್ರು ಮೆಲ್ಲಗೆ ಅಂದರು, “ಆ ಬಾಗಿಲಿನ ಮಾತು ಬೇಡ ಅನ್ಸುತ್ತೆ. ಯಾಕೆ ಬಾಗಿಲಿನ ಸುದ್ದಿ ಬಂತು ಅಂತ ಜನ ಕೇಳ್ತಾರೆ.”

“ಹೌದು, ಅದು ಬೇಡ,” ಎಂದ ಮೀಟರ್.

ಅಪ್ಪ ಮತ್ತೆ ಹೇಳಿದ, ಬಾಗಿಲು ಬಿಟ್ಟು. ಈ ಸಲ ಒಂದು ಕಡೆಯೂ ತಡವರಿಸಲಿಲ್ಲ. ಮೇಷ್ಟ್ರು ತಲೆಯಾಡಿಸಿದರು. ಮೀಟರೂ ತಲೆಯಾಡಿಸಿದ. ಇಬ್ಬರೂ ಎದ್ದು, ಅಪ್ಪನ ಕೈ ಹಿಡಿಯಲು ಹೋಗಿ, ಹಿಡಿಯಲಾಗದೆ ಭುಜ ಮುಟ್ಟಿ ಹೊರಟರು.

“ಸರಿಯಾಗಿ ಬಂತಾ?” ಎಂದು ಅಪ್ಪ ಕೇಳಿದ.

ಅವಳು ರೆಕಾರ್ಡರನ್ನು ಹಿಂದಕ್ಕೆ ಓಡಿಸಿ ಕೇಳಿಸಿದಳು. ಪ್ರತಿ ಮಾತೂ ಸ್ಪಷ್ಟವಾಗಿ ಬಂದಿತ್ತು.